ಟಿವಿ ಬೇಡದ ಆಟ

ಅಣ್ಣನಿಗೂ ನನಗೂ ಈ ವಿಷಯದಲ್ಲಿ ಯಾವತ್ತೂ ಹೊಂದಿಕೆಯಾಗಿಲ್ಲ. ವಿಡಿಯೋ ಗೇಮ್ ಅಂದರೆ ಅವನಿಗೆ ದೊಡ್ಡ ಟಿವಿ, ಒಳ್ಳೆ ಸ್ಪೀಕರು, ಯಾರೂ ಮಾತಾಡಿಸದ ರಾತ್ರಿ. ಟಿವಿಗೆ ಹಾಕಿ ಆಡುವ ಕನ್ಸೋಲ್ ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ, 49,990 ರೂಪಾಯಿಗೆ. ಆಗ ಅದು ಸಿಗುವುದೇ ಕಷ್ಟವಿತ್ತು. ಅಣ್ಣ ತಿಂಗಳುಗಟ್ಟಲೆ ಕಾದು ತರಿಸಿಕೊಂಡ. ಸಾಗರದ ಹತ್ತಿರದ ನಮ್ಮ ಮನೆಯ ಹಾಲ್‌ನಲ್ಲಿ 55 ಇಂಚಿನ ಟಿವಿಯ ಪಕ್ಕ ಅದು ಈಗಲೂ ಎದ್ದು ಕಾಣುವಂತೆ ನಿಂತಿದೆ. ನಾನು ಬೆಂಗಳೂರಿನಲ್ಲಿ ಸಂಬಳ ಎಣಿಸಲು ಶುರು ಮಾಡಿದ ಮೇಲೆ ಕೊಂಡದ್ದೆಲ್ಲ ಕೈಯಲ್ಲಿ ಹಿಡಿದು ಆಡುವಂಥವೇ. ಮೊದಲು ನ್ಯಾಷನಲ್ ಮಾರ್ಕೆಟ್‌ನಲ್ಲಿ ಸಿಕ್ಕ ಸೆಕೆಂಡ್ ಹ್ಯಾಂಡ್ ಪಿಎಸ್‌ಪಿ, ಈಗ ನಿಂಟೆಂಡೋ ಸ್ವಿಚ್, ಅದರಲ್ಲೂ 2021ರ ಕೊನೆಗೆ ಬಂದ ಓಎಲ್‌ಇಡಿ ಮಾಡೆಲ್ಲು.

"ಅಷ್ಟು ಸಣ್ಣ ಸ್ಕ್ರೀನಲ್ಲಿ ಎಂತ ಕಾಣ್ತದೆ ಮಾರಾಯ್ತಿ?" ಅನ್ನುವುದು ಅವನ ಖಾಯಂ ಪ್ರಶ್ನೆ. ಈ ಮಳೆಗಾಲದಲ್ಲಿ ಊರಿಗೆ ಹೋದಾಗ ಒಂದಿಡೀ ದಿನ ಆ ಪ್ರಶ್ನೆ ಏಳಲೇ ಇಲ್ಲ.

ಹಿಂದಿನ ರಾತ್ರಿ ಊಟವಾದ ಮೇಲೆ ಅವನು ಫುಟ್‌ಬಾಲ್ ಆಡುತ್ತಿದ್ದ. ಅದೂ ಫೈನಲ್ಲು, ಕೊನೆಯ ಹತ್ತು ನಿಮಿಷ. ಫಕ್ಕನೆ ಟಿವಿ ಕಪ್ಪಾಯಿತು. ಯುಪಿಎಸ್ ಕುಂಯ್ ಅಂದಿತು, ಅಡುಗೆಮನೆಯ ದೀಪ, ಜಗಲಿಯ ದೀಪ, ಎರಡು ಫ್ಯಾನು ಮಾತ್ರ ಉಳಿದವು. ಟಿವಿಯ ಲೈನನ್ನು ನಾವು ಯುಪಿಎಸ್‌ಗೆ ಕೊಟ್ಟಿಲ್ಲ. ಮಲೆನಾಡಿನ ಬಹಳ ಮನೆಗಳಲ್ಲಿ ಕೊಡುವುದಿಲ್ಲ, ಮಳೆಗಾಲದಲ್ಲಿ ಕರೆಂಟು ಹೋದರೆ ಮತ್ತೆ ಬರುವ ಹೊತ್ತು ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ ಬ್ಯಾಟರಿಯನ್ನು ದೀಪಕ್ಕೆ ಉಳಿಸಿಕೊಳ್ಳಬೇಕು. ಜೋರಾದ ಆಟ ಓಡುವಾಗ ಪ್ಲೇಸ್ಟೇಷನ್ 5 ಒಂದೇ ಸುಮಾರು 200 ವ್ಯಾಟ್ ಎಳೆಯುತ್ತದೆ. ಟಿವಿಯದ್ದು ಬೇರೆ. ಅಣ್ಣ ಕಂಟ್ರೋಲರನ್ನು ಸೋಫಾದ ಮೇಲಿಟ್ಟು, ಮಳೆಯ ಕಡೆ ಒಮ್ಮೆ ನೋಡಿ, ಮಲಗಲು ಹೋದ.

ಬೆಳಿಗ್ಗೆ ಹಾಲು ಒಯ್ಯಲು ಬಂದವರು ಸುದ್ದಿ ತಂದರು: ಕೆಳಗಿನ ತಿರುವಿನಲ್ಲಿ ಮರ ಲೈನಿನ ಮೇಲೆ ಬಿದ್ದಿದೆ, ಕಂಬವೂ ಹೋಗಿದೆ. ಆ ಮಳೆಯಲ್ಲಿ ಕಂಬ ಹತ್ತಬೇಕಾದವರನ್ನು ನೆನೆದರೆ, ಕರೆಂಟು ಯಾವಾಗ ಅಂತ ಫೋನ್ ಮಾಡಿ ಕೇಳುವುದಕ್ಕೂ ಮನಸ್ಸು ಬರುವುದಿಲ್ಲ. ಅಪ್ಪ, ಅಣ್ಣ ಇಬ್ಬರೂ ಕಂಬಳಿಕೊಪ್ಪೆ ಹಾಕಿಕೊಂಡು ತೋಟಕ್ಕೆ ಇಳಿದರು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಯುವ ಹೊತ್ತು ಮೀರುತ್ತಿತ್ತು, ಮಳೆ ಮಾತ್ರ ಒಂದು ಹೊಳವೂ ಕೊಡುತ್ತಿರಲಿಲ್ಲ. ಉದುರಿದ ಎಳೆಯಡಿಕೆ ಎಷ್ಟಿದೆ ಅಂತಲಾದರೂ ನೋಡಿಕೊಂಡು ಬರಬೇಕಿತ್ತು. ಶಾಲೆಗೆ ಮಳೆಯ ರಜೆ. ಅಣ್ಣನ ಮಗ ಪುಟ್ಟ, ಮೂರನೇ ಕ್ಲಾಸು, ಆಫ್ ಆಗಿದ್ದ ಟಿವಿಯ ಮುಂದೆ ಎರಡು ಸಲ ಸುಳಿದಾಡಿ ನನ್ನ ಬ್ಯಾಗಿನ ಹತ್ತಿರ ಬಂದು ನಿಂತ.

"ಅತ್ತೆ, ನಿನ್ನದು ಓಡ್ತದಾ?"

ಓಡುತ್ತಿತ್ತು. ಚಾರ್ಜು ಮುಕ್ಕಾಲಿನಷ್ಟಿತ್ತು.

ಜಗಲಿಯ ಗೋಡೆ ಬದಿಗೆ, ಎರಚಲು ತಾಗದ ಕಡೆ ಮಣೆ ಹಾಕಿ ಅದರ ಮೇಲೆ ಸ್ವಿಚ್ ನಿಲ್ಲಿಸಿದೆ. ಈ ಮಾಡೆಲ್ಲಿಗೆ ಬೆನ್ನಗಲಕ್ಕೂ ಒಂದು ಕಾಲಿದೆ, ಎಷ್ಟು ಬೇಕೋ ಅಷ್ಟು ವಾಲಿಸಿ ಕೂರಿಸಬಹುದು. ಎರಡು ಬದಿಯ ಜಾಯ್‌ಕಾನ್‌ಗಳನ್ನು ಹಿಂದಿನ ಗುಂಡಿ ಒತ್ತಿ ಮೇಲಕ್ಕೆ ಜಾರಿಸಿದರೆ ಬಿಡಿಸಿಕೊಂಡು ಬರುತ್ತವೆ, ಅಡ್ಡ ಹಿಡಿದರೆ ಒಂದೊಂದೂ ಒಂದು ಪೂರ್ತಿ ಕಂಟ್ರೋಲರು. ಕೆಂಪು ಅವನಿಗೆ, ನೀಲಿ ನನಗೆ. ಮಾರಿಯೋ ಕಾರ್ಟ್ ಹಾಕಿದೆ. 7 ಇಂಚಿನ ಪರದೆ ನಡುವೆ ಸೀಳಿ ಎಡಕ್ಕೆ ಅವನ ಗಾಡಿ, ಬಲಕ್ಕೆ ನನ್ನದು. ಮಕ್ಕಳ ಗಾಡಿ ರಸ್ತೆ ಬಿಟ್ಟು ಬೀಳದಂತೆ ಹಿಡಿದುಕೊಳ್ಳುವ ಒಂದು ಸೌಲಭ್ಯ ಅದರಲ್ಲಿದೆ. ಅದನ್ನು ಹಾಕಿಕೊಡಲೇ ಅಂದರೆ ಪುಟ್ಟ ಒಪ್ಪಲಿಲ್ಲ. ತಿರುವು ಬಂದಾಗಲೆಲ್ಲ ಗಾಡಿಯ ಜೊತೆ ಅವನೂ ಪೂರ್ತಿ ವಾಲುತ್ತಿದ್ದ, ವಾಲಿ ವಾಲಿ ನನ್ನ ತೋಳಿಗೆ ಅವನ ತಲೆ ಬಡಿಯುತ್ತಿತ್ತು. ಹೆಂಚಿನ ಮೇಲಿನ ಮಳೆಯ ಸದ್ದಿಗೆ ಆಟದ ಸಂಗೀತ ಸ್ವಲ್ಪವೂ ಕೇಳಿಸುತ್ತಿರಲಿಲ್ಲ. ಸೌಂಡು ತೆಗೆದೇಬಿಟ್ಟೆವು. ಬದಲಿಗೆ ಪುಟ್ಟನೇ ಬಾಯಲ್ಲಿ ಇಂಜಿನ್ ಸದ್ದು ಮಾಡಿದ.

ಒಳಗಿಂದ ಅಮ್ಮ ಕೆಂಡದ ಮೇಲೆ ಹಲಸಿನ ಹಪ್ಪಳ ಸುಟ್ಟು, ಕೊಬ್ಬರಿ ಎಣ್ಣೆ ಸವರಿ, ಕಾಯಿಚೂರಿನ ಜೊತೆ ತಂದಿಟ್ಟಳು. ಅಲ್ಲಿಂದ ಒಂದು ನಿಯಮ ಬಂತು: ರೇಸ್ ಮುಗಿದ ಮೇಲಷ್ಟೇ ಹಪ್ಪಳ, ಹಪ್ಪಳ ತಿಂದ ಮೇಲೆ ಬೈರಾಸಿನಲ್ಲಿ ಎರಡೂ ಕೈ ಒರೆಸಿ ತೋರಿಸಬೇಕು. ಪುಟ್ಟ ಪ್ರತಿ ಸಲವೂ ಹತ್ತೂ ಬೆರಳು ಅಗಲಿಸಿ ನನ್ನ ಮುಖದ ಮುಂದೆ ಹಿಡಿದ.

ಅಮ್ಮ ಅಲ್ಲೇ ಕಂಬಕ್ಕೆ ಒರಗಿ ಕೂತು ನೋಡಿದಳು. "ಅವತ್ತು ಮಾರಿಜಾತ್ರೆಲಿ ಹಟ ಮಾಡಿ ತಗೊಂಡಿದ್ಯಲ್ಲ, ಇದು ಅದರದೇ ಮರಿಯಾ?"

ಹೌದು ಅಂದೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಒಂದು ಜಾತ್ರೆಯಲ್ಲಿ ಕೊಂಡದ್ದು ಕೆಟ್ಟರೆ ಮುಂದಿನದಕ್ಕೆ ಕಾಯಬೇಕಿದ್ದ ಕಾಲ ಅದು. ನಾನು ಹಟ ಮಾಡಿದ್ದು ಬ್ರಿಕ್ ಗೇಮ್‌ಗೆ. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ: ಬೂದು ಬಣ್ಣದ ಪ್ಲಾಸ್ಟಿಕ್ಕು, ಒಂದು ದೊಡ್ಡ ಗುಂಡಿ, ನಾಲ್ಕು ಸಣ್ಣವು, ಡಬ್ಬಿಯ ಮೇಲೆ '9999 ಇನ್ 1', ಒಳಗೆ ಎರಡು ಪೆನ್ಸಿಲ್ ಸೆಲ್ಲು. ಕಪ್ಪು ಚೌಕಗಳಿಂದಲೇ ಇಟ್ಟಿಗೆ, ಕಾರು, ಟ್ಯಾಂಕು, ಹಾವು ಎಲ್ಲ. ಮೇಲಿಂದ ಇಟ್ಟಿಗೆ ಬೀಳುವ ಆಟವನ್ನು ಮಾಸ್ಕೋದ ಅಲೆಕ್ಸಿ ಪಜಿತ್ನೋವ್ 1984ರಲ್ಲಿ ಮಾಡಿದ್ದು, ಅದರ ಹೆಸರು ಟೆಟ್ರಿಸ್ ಅನ್ನುವುದೆಲ್ಲ ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಆಗ ತಿಳಿದಿದ್ದು ಇಷ್ಟೇ: ಅದು ನನ್ನದು. ಹಾಲ್‌ನ ಟಿವಿ ಮನೆಯವರೆಲ್ಲರದ್ದಾಗಿತ್ತು, ಭಾನುವಾರ ಸಂಜೆ ಪಕ್ಕದ ಮನೆಯವರದ್ದೂ ಆಗುತ್ತಿತ್ತು. ಬ್ರಿಕ್ ಗೇಮ್ ಹಿಡಿದು ನಾನು ಅಟ್ಟಕ್ಕೆ ಹೋಗಬಹುದಿತ್ತು.

ಕೈಯಲ್ಲಿ ಹಿಡಿಯುವ ಆಟ ಹುಟ್ಟಿದ್ದೂ ಇಂಥದ್ದೇ ಒಂದು ಗಳಿಗೆಯಿಂದ ಅಂತಾರೆ. ನಿಂಟೆಂಡೋದ ಗುನ್‌ಪೇ ಯೊಕೊಯ್ ಜಪಾನಿನ ಬುಲೆಟ್ ರೈಲಿನಲ್ಲಿ ಹೋಗುವಾಗ, ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕೂತ ನೌಕರನೊಬ್ಬನನ್ನು ಕಂಡರಂತೆ. 1980ರಲ್ಲಿ ಗೇಮ್ ಅಂಡ್ ವಾಚ್ ಬಂತು, 1989ರಲ್ಲಿ ಗೇಮ್‌ಬಾಯ್. ಯೊಕೊಯ್ ಬಗ್ಗೆ ನನಗೆ ತುಂಬ ಗೌರವ. ಬಣ್ಣದ ಪರದೆ ಕೈಗೆಟುಕುವ ಕಾಲದಲ್ಲೂ ಅವರ ತಂಡ ಗೇಮ್‌ಬಾಯ್‌ಗೆ ಹಸಿರುಗಪ್ಪು ಪರದೆ, ನಾಲ್ಕೇ ಛಾಯೆ, ಒಳಗೆ ದೀಪವೂ ಇಲ್ಲ ಅಂತ ತೀರ್ಮಾನಿಸಿತು. ನಾಲ್ಕು ಪೆನ್ಸಿಲ್ ಸೆಲ್ಲಿಗೆ ಅದು ಹತ್ತು ಗಂಟೆಯ ಮೇಲೂ ಓಡಿತು. ಮರುವರ್ಷ ಸೇಗಾದ ಗೇಮ್ ಗಿಯರ್ ಬಣ್ಣ ಬಣ್ಣದ, ದೀಪವಿರುವ ಪರದೆಯ ಜೊತೆ ಬಂತು, ಆರು ಸೆಲ್ಲು ನುಂಗಿ ಮೂರರಿಂದ ಐದು ಗಂಟೆಗೆ ಕಣ್ಣು ಮುಚ್ಚುತ್ತಿತ್ತು. ಗೆದ್ದದ್ದು ಗೇಮ್‌ಬಾಯ್. ಅದು, ಅದರ ಬಣ್ಣದ ತಮ್ಮ ಸೇರಿ 11 ಕೋಟಿಗೂ ಹೆಚ್ಚು ಮಾರಾಟವಾದವು. ಸೆಲ್ಲಿಗೆ ದುಡ್ಡು ಕೇಳಿ ಅಪ್ಪನ ಮುಂದೆ ನಿಂತು ಗೊತ್ತಿರುವ ಯಾವ ಮಗುವಿಗೂ ಈ ಲೆಕ್ಕ ವಿವರಿಸಬೇಕಾಗಿಲ್ಲ.

ಆ ದಿನ ಜಗಲಿಯಲ್ಲೂ ಇದೇ ಲೆಕ್ಕ ಶುರುವಾಯಿತು. ಪರದೆಯ ಬೆಳಕು ಅರ್ಧಕ್ಕೆ ಇಳಿಸಿದೆ. ಮೋಡದ ಬೆಳಕಿಗೆ ಅದೇ ಬೇಕಾದಷ್ಟಾಯಿತು. ವೈಫೈ ಹೇಗೂ ಸತ್ತಿತ್ತು, ಸುಮ್ಮನೆ ಹುಡುಕುತ್ತಿರದಂತೆ ಅದನ್ನೂ ಆಫ್ ಮಾಡಿದೆ. ಸ್ವಿಚ್‌ನ ಬ್ಯಾಟರಿ 16 ವ್ಯಾಟ್ ಅವರ್ ಆಸುಪಾಸು, ಕಡಿಮೆ ಅಂದರೆ ನಾಲ್ಕೂವರೆ ಗಂಟೆ ಅಂತ ಕಂಪನಿ ಹೇಳುತ್ತದೆ. ಭಾಗಿಸಿ ನೋಡಿದರೆ ನಾಲ್ಕು ವ್ಯಾಟಿನೊಳಗೆ. ಅಡುಗೆಮನೆಯಲ್ಲಿ ಅಮ್ಮ ಉರಿಸುವ 9 ವ್ಯಾಟಿನ ಎಲ್‌ಇಡಿ ಬಲ್ಬಿನ ಅರ್ಧ ಖರ್ಚಿನಲ್ಲಿ ಇಬ್ಬರು ಕೂತು ರೇಸ್ ಆಡಬಹುದು. ನನ್ನ ಪವರ್ ಬ್ಯಾಂಕಿನಲ್ಲಿ ಒಂದಿಷ್ಟು ಉಳಿದಿತ್ತು. ಪುಟ್ಟ ಅದನ್ನು ಆಟಕ್ಕೆ ಹಾಕು ಅಂದ. ಅದು ಅತ್ತಿಗೆಯ ಫೋನಿಗೆ ಹೋಯಿತು, ತೋಟದಲ್ಲಿದ್ದವರು ಕರೆದರೆ ತೆಗೆಯಲು ಒಂದು ಫೋನಾದರೂ ಬೇಕು. ಅವನು ಮುಖ ಊದಿಸಿಕೊಂಡರೂ ವಾದ ಮಾಡಲಿಲ್ಲ.

ನಮ್ಮ ಆಟ ನಿಂತು ನಿಂತು ಸಾಗಿತು. ಹಿತ್ತಲ ಕಡೆ ಹೆಂಚು ಸರಿದು ನೀರು ಸೋರುತ್ತಿದೆ ಅಂತ ಅತ್ತಿಗೆ ಕರೆದರು, ಬಕೆಟ್ ಇಟ್ಟು ಬಂದೆ. ಕೊಟ್ಟಿಗೆಯಲ್ಲಿ ದನ ಕೂಗಿತು, ಅಮ್ಮನ ಜೊತೆ ಹುಲ್ಲು ಹಾಕಿ ಬಂದೆ. ಮೇಲಿನ ಮನೆಯವರು ಕೊಡೆ ಮಡಚುತ್ತ ಬಂದು ಅರ್ಧ ಗಂಟೆ ಮಳೆಯ ಬಗ್ಗೆಯೇ ಮಾತಾಡಿದರು, ಕಷಾಯ ಮಾಡಿ ಕೊಟ್ಟೆ. ಪ್ರತಿ ಸಲವೂ ಮೇಲಿನ ಸಣ್ಣ ಗುಂಡಿ ಒಂದು ಸಲ ಒತ್ತುವುದು, ಪರದೆ ನಿದ್ದೆ ಹೋಗುತ್ತದೆ. ಬಂದು ಮತ್ತೆ ಒತ್ತಿದರೆ ಗಾಡಿ ಅದೇ ತಿರುವಿನಲ್ಲಿ, ಚಕ್ರ ಅದೇ ಓರೆಯಲ್ಲಿ.

ಕೈಯಾಟದ ಬಗ್ಗೆ ನನಗಿರುವ ಪ್ರೀತಿಯ ಬಹುಪಾಲು ಈ ನಿದ್ದೆಯ ಗುಂಡಿಗೇ ಸೇರಬೇಕು. ನನ್ನ ಪಿಎಸ್‌ಪಿಯಲ್ಲಿ ಅದು ಬಲಬದಿಯ ಜಾರುಗುಂಡಿಯಾಗಿತ್ತು, ನಿಂಟೆಂಡೋ ಡಿಎಸ್‌ನಲ್ಲಿ ಮುಚ್ಚಳ ಮುಚ್ಚಿದರೆ ಆಯಿತು. ಈಗಿನ ದೊಡ್ಡ ಕನ್ಸೋಲ್‌ಗಳಲ್ಲೂ ಇಂಥ ಏರ್ಪಾಡು ಇದೆ, ಗೊತ್ತು. ಆದರೆ ಅಲ್ಲಿ ಆಟ ನಿಂತರೂ ಟಿವಿ ಬಿಟ್ಟುಕೊಡಬೇಕು, ಮತ್ತೆ ಟಿವಿ ಕೈಗೆ ಬರುವವರೆಗೆ ಕಾಯಬೇಕು. ಬೆಂಗಳೂರಿನ ನಮ್ಮ ಮನೆಯಲ್ಲಿ ಸಂಜೆ ಆರರಿಂದ ಟಿವಿ ಅತ್ತೆಯವರ ಧಾರಾವಾಹಿಗಳಿಗೆ ಮೀಸಲು, ಆಮೇಲೆ ಕ್ರಿಕೆಟ್ ಇದ್ದರೆ ಗಂಡನಿಗೆ. ಹಗಲಿಡೀ ಒಂಟಿಯಾಗಿರುವ ಅತ್ತೆಯವರಿಗೆ ಆ ಹೊತ್ತು ಬೇಕು, ಅದನ್ನು ಕಿತ್ತುಕೊಂಡು ಆಡುವ ಆಟ ನನಗೆ ಬೇಡ. ಮನೆ ನಡೆಸುವ ಹೆಂಗಸಿಗೆ ಎರಡು ಗಂಟೆ ಒಟ್ಟಿಗೆ ಸಿಗುವುದೂ ಅಪರೂಪ. ಸಿಗುವುದು ಕುಕ್ಕರ್ ಮೂರನೇ ಸೀಟಿ ಹೊಡೆಯುವವರೆಗಿನ ಹೊತ್ತು, ಮಗಳ ಡ್ಯಾನ್ಸ್ ಕ್ಲಾಸಿನ ಹೊರಗಿನ ಬೆಂಚು, ಮೆಟ್ರೋದಲ್ಲಿ ಸೀಟು ಸಿಕ್ಕರೆ ಇಪ್ಪತ್ತು ನಿಮಿಷ. ದೊಡ್ಡ ದೊಡ್ಡ ಆಟಗಳನ್ನು, ನೂರು ಗಂಟೆ ಬೇಡುವಂಥವನ್ನೂ, ನಾನು ಮುಗಿಸಿರುವುದು ಇಂಥ ಚೂರುಗಳಲ್ಲೇ. ಟಿವಿಯ ಮುಂದೆ ಕೂತೇ ಆಡಬೇಕು ಅಂದಿದ್ದರೆ ಮದುವೆಯಾದ ವರ್ಷವೇ ಆಟ ಬಿಟ್ಟುಹೋಗುತ್ತಿತ್ತು. ನನ್ನ ವಯಸ್ಸಿನ ಎಷ್ಟೋ ಗೆಳತಿಯರಿಗೆ ಹಾಗೇ ಬಿಟ್ಟುಹೋಗಿದೆ.

ಸಣ್ಣ ಪರದೆಯ ಕಷ್ಟ ಇಲ್ಲವೆಂದಲ್ಲ. ಟಿವಿಗೆಂದೇ ಮಾಡಿದ ಕೆಲವು ಆಟಗಳಲ್ಲಿ ಅಕ್ಷರ ಎಷ್ಟು ಚಿಕ್ಕದೆಂದರೆ ಕನ್ನಡಕ ಹಾಕಿದರೂ ಕಣ್ಣು ಕಿರಿದು ಮಾಡಿ ಓದಬೇಕು. ಕತ್ತು ಬಗ್ಗಿಸಿ ಕೂತರೆ ರಾತ್ರಿಗೆ ಭುಜ ಹಿಡಿಯುತ್ತದೆ. ತೋಳಿನ ಕೆಳಗೆ ದಿಂಬು ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಮಧ್ಯಾಹ್ನ ಅಪ್ಪ, ಅಣ್ಣ ತೊಯ್ದು ತೊಪ್ಪೆಯಾಗಿ ಬಂದರು. ತೋಟದ ಮೇಲ್ಭಾಗದಲ್ಲಿ ಕೊಳೆ ಹಿಡಿದಿತ್ತು. ಊಟದ ಹೊತ್ತಿನಲ್ಲಿ ಮೈಲುತುತ್ತು, ಸುಣ್ಣ, ಮರ ಹತ್ತುವ ಕೊನೆಗೌಡ ಸಿಗುವ ದಿನ ಇವೇ ಮಾತು. ಊಟವಾದ ಮೇಲೆ ಅಣ್ಣ ಜಗಲಿಗೆ ಬಂದು ಏನೂ ಹೇಳದೆ ನನ್ನ ಕಡೆ ಕೈ ಚಾಚಿದ. ನೀಲಿ ಜಾಯ್‌ಕಾನ್ ಕೊಟ್ಟೆ. ಅವನ ದೊಡ್ಡ ಹೆಬ್ಬೆರಳಿಗೆ ಆ ಗುಂಡಿಗಳು ಸಿಗುತ್ತಲೇ ಇರಲಿಲ್ಲ. ಮಗ ಅವನನ್ನು ಸಲೀಸಾಗಿ ಸೋಲಿಸಿದ, ಎದ್ದು ಕುಣಿದ. ಅಪ್ಪನನ್ನು ಫುಟ್‌ಬಾಲಿನಲ್ಲಿ ಅವನು ಗೆದ್ದದ್ದೇ ಇಲ್ಲವಂತೆ. ಅಣ್ಣ ಇನ್ನೊಂದು ರೇಸ್ ಕೇಳಿದ, ಅದರ ಮೇಲೆ ಮತ್ತೊಂದು. ಕೊಳೆಯ ಚಿಂತೆ ಸ್ವಲ್ಪ ಹೊತ್ತು ಅವನ ಮುಖದಿಂದ ಇಳಿದಿತ್ತು. ಬ್ಯಾಟರಿ ಕೆಂಪು ತೋರಿಸುವವರೆಗೂ ಅವರಿಬ್ಬರೇ ಆಡಿದರು.

ಕತ್ತಲಾಗುವಾಗ ಕರೆಂಟು ಬಂತು. ಪುಟ್ಟ ಒಂದೇ ಓಟಕ್ಕೆ ಹಾಲ್‌ಗೆ ಹೋದ, ಹಿಂದಿನಿಂದ ಅಣ್ಣ. ಆ ದೊಡ್ಡ ಟಿವಿಯಲ್ಲಿ ಹುಲ್ಲಿನ ಹಸಿರು, ಸ್ಟೇಡಿಯಮ್ಮಿನ ಗದ್ದಲ ನಿಜಕ್ಕೂ ಚೆಂದ, ಬಾಗಿಲಲ್ಲಿ ನಿಂತು ನಾನೂ ನೋಡಿದೆ. ಸ್ವಿಚ್ಚನ್ನು ಅಡುಗೆಮನೆಯ ಪ್ಲಗ್ಗಿಗೆ ಹಾಕಿ, ಅಮ್ಮನ ಪಕ್ಕ ಕೂತು ನನ್ನ ಹಳೆಯ ಆಟ ಮುಂದುವರಿಸಿದೆ.

ಮಲಗುವ ಮುಂಚೆ ಅಣ್ಣ ಕೇಳಿದ, "ಇವನ ಬರ್ತ್‌ಡೇಗೆ ಒಂದು ಕೊಡಿಸೋಣ ಅಂತ. ಸ್ವಿಚ್ ಲೈಟ್ ಅಂತ ಸಣ್ಣದೊಂದು ಬರ್ತದಲ್ಲ, ರೇಟು ಕಮ್ಮಿ. ಅದು ಸಾಕಾ?"

ಲೈಟ್ ಬೇಡ ಅಂದೆ. 2019ರಲ್ಲಿ ಬಂದ ಆ ಮಾಡೆಲ್ಲು ಹಗುರ, ಬಸ್ಸಿನಲ್ಲಿ ಒಬ್ಬರೇ ಆಡುವವರಿಗೆ ಅದರಷ್ಟು ಒಳ್ಳೆಯದಿಲ್ಲ. ಆದರೆ ಅದರ ಕಂಟ್ರೋಲರ್ ಬಿಡಿಸಲು ಬರುವುದಿಲ್ಲ, ನಿಲ್ಲಿಸಲು ಕಾಲೂ ಇಲ್ಲ. ಹೊಸ ಸ್ವಿಚ್ 2 ಬಂದಿದೆ, 7.9 ಇಂಚು, ಭಾರವೂ ಹೆಚ್ಚು, ಈ ವಯಸ್ಸಿನ ಕೈಗೆ ಅದು ಈಗಲೇ ಬೇಡ. ನನ್ನದರಂಥದ್ದೇ ಹುಡುಕು, ಬಿಲ್ಲು ಕೊಡುವ ಅಂಗಡಿಯಲ್ಲೇ ತಗೋ, ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಹೊರಗಿನಿಂದ ತರಿಸಿದ ಮಾಲು, ವಾರಂಟಿ ಅಂಗಡಿಯವನ ಮಾತಿನ ಮೇಲೆ ನಿಂತಿರುತ್ತದೆ ಅಂದೆ. ಅವನು ಫೋನಿನಲ್ಲಿ ಮಾಡೆಲ್ಲಿನ ಹೆಸರು ಬರೆದುಕೊಂಡ. ಜೊತೆಗೆ 20,000 ಎಂಎಎಚ್‌ನ ಪವರ್ ಬ್ಯಾಂಕ್ ಕೂಡ ಬರೆಸಿದೆ.