ಇಷ್ಟೇ ಸಾಮಾನಲ್ಲಿ ಹೇಗೆ ಇರ್ತೀರಾ?

ಮನೆಗೆ ಮೊದಲ ಸಲ ಬಂದವರು ಸುತ್ತ ಕಣ್ಣಾಡಿಸಿ ಕೇಳುವುದು ಒಂದೇ: "ಇನ್ನೂ ಸಾಮಾನು ಬರೋದಿದೆಯಾ?" ಇಲ್ಲ, ಇಷ್ಟೇ ಅಂದರೆ ಮುಂದಿನ ಪ್ರಶ್ನೆ ರೆಡಿ. "ಇಷ್ಟರಲ್ಲಿ ಹೇಗೆ ಇರ್ತೀರಾ? ಇದರಿಂದ ಜಾಸ್ತಿ ಕೆಲಸ ಮುಗಿಯುತ್ತಾ?" ಒಬ್ಬೊಬ್ಬರಿಗೆ ಒಂದೊಂದು ಥರ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲಿ ಬರೆದಿಡುತ್ತೇನೆ.

ನಾನೇನೂ ಸನ್ಯಾಸಿ ಅಲ್ಲ. ಇದೆಲ್ಲ ಶುರುವಾಗಿದ್ದು ಮೇಜಿನ ಡ್ರಾಯರ್‌ನಿಂದ. ಒಂದು ದಿನ ಹತ್ತು ಗಂಟೆಗೆ ಮೀಟಿಂಗ್, ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇಲ್ಲ, ಡ್ರಾಯರ್ ಎಳೆದರೆ ಅರ್ಧಕ್ಕೇ ಸಿಕ್ಕಿಕೊಂಡಿತು. ಸಂದಿಯಲ್ಲಿ ಸ್ಕೇಲ್ ತೂರಿಸಿ, ಅಲ್ಲಾಡಿಸಿ, ಕೊನೆಗೆ ಪೂರ್ತಿ ಕಿತ್ತು ನೆಲಕ್ಕೆ ಸುರಿದೆ. ಹನ್ನೊಂದು ಚಾರ್ಜರ್! ಅದರಲ್ಲಿ ಹಳೇ ನೋಕಿಯಾದ ಸಣ್ಣ ಪಿನ್ನಿನದೂ ಒಂದು, ಆ ಫೋನ್ ಕೆಟ್ಟು ಯಾವ ಕಾಲವಾಯಿತೋ. ಯಾವ ಬೀಗದ್ದು ಅಂತ ಗೊತ್ತಿಲ್ಲದ ಮೂರು ಕೀಲಿಕೈ. ನಾನು ಹೋಗದ ಮದುವೆಯ ಲಗ್ನಪತ್ರಿಕೆ. ಬೇಕಾಗಿದ್ದ ಚಾರ್ಜರ್ ಮಾತ್ರ ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕ ಕೂತಿತ್ತು.

ಅವತ್ತಿನಿಂದ ಡ್ರಾಯರ್, ಬೀರು, ಶೆಲ್ಫ್ ಅಂತ ಒಂದೊಂದೇ ಖಾಲಿ ಮಾಡಿದೆ.

ಜಾಸ್ತಿ ಕೆಲಸ ಮುಗಿಯಿತಾ? ನಿಜ ಹೇಳಬೇಕಂದ್ರೆ, ಇಲ್ಲ. ಸೋಮಾರಿಗೆ ಖಾಲಿ ಮೇಜೂ ಒಂದೇ, ತುಂಬಿದ ಮೇಜೂ ಒಂದೇ, ಕೈಯಲ್ಲಿ ಫೋನ್ ಇದ್ದರೆ ಸಾಕು. ಹೋಗಿದ್ದು ಹುಡುಕಾಟ. ಜೊತೆಗೆ "ಮೊದಲು ಮೇಜು ಸರಿಮಾಡಿಕೊಂಡು ಆಮೇಲೆ ಕೂರೋಣ" ಅನ್ನುವ ನೆಪವೂ ಹೋಯಿತು, ಅದೊಂದೇ ನನ್ನ ಎಷ್ಟೋ ಮಧ್ಯಾಹ್ನಗಳನ್ನು ತಿಂದುಹಾಕಿತ್ತು.

ಆದರೆ "ಹೇಗೆ ಇರ್ತೀರಾ" ಅನ್ನೋದಕ್ಕೆ ಉತ್ತರ ಸ್ವಲ್ಪ ಮುಜುಗರದ್ದು. ನನ್ನ ಕಡಿಮೆ ಸಾಮಾನು ಬೇರೆಯವರ ಮೇಲೆ ನಿಂತಿದೆ. ಹನ್ನೊಂದು ಚಾರ್ಜರ್ ಒಂದಾಗಿದ್ದು ನನ್ನ ಶಿಸ್ತಿನಿಂದಲ್ಲ, ಫೋನ್, ಇಯರ್‌ಫೋನ್, ಲ್ಯಾಪ್‌ಟಾಪ್ ಎಲ್ಲಕ್ಕೂ ಟೈಪ್-ಸಿ ಅನ್ನೋ ಒಂದೇ ಥರದ ಪಿನ್ ಬಂದಿದ್ದರಿಂದ. ಯುರೋಪ್ ಒಕ್ಕೂಟ 2024ರ ಡಿಸೆಂಬರ್‌ನಿಂದ ಹೊಸ ಫೋನ್‌ಗಳಿಗೆ ಅದನ್ನು ಕಡ್ಡಾಯ ಮಾಡಿತು, ಐಫೋನ್ ಕೂಡ 2023ರಲ್ಲೇ ಆ ದಾರಿಗೆ ಬಂತು. ಪರ್ಸ್ ತೆಳ್ಳಗಾಗಿದ್ದು ದಾಖಲೆಗಳನ್ನು ಫೋನಲ್ಲೇ ಇಟ್ಟುಕೊಳ್ಳುವ ಸರ್ಕಾರಿ ಆ್ಯಪ್ ಡಿಜಿಲಾಕರ್‌ನಿಂದ. ಅದರಲ್ಲಿರುವ ಡಿಎಲ್, ಆರ್‌ಸಿಯನ್ನು ಒರಿಜಿನಲ್ ಥರಾನೇ ಒಪ್ಪಿಕೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲಿ ರಾಜ್ಯಗಳಿಗೆ ಹೇಳಿತ್ತು. ಏಣಿ, ಸುತ್ತಿಗೆ, ದೊಡ್ಡ ಇಡ್ಲಿ ಪಾತ್ರೆ ಪಕ್ಕದ ಮನೆ ಆಂಟಿಯದು. ಅವರೂ ನನ್ನ ಹಾಗೇ ಎಲ್ಲ ಖಾಲಿ ಮಾಡಿಬಿಟ್ಟರೆ ನನಗೆ ಬಲ್ಬ್ ಹಾಕೋಕೂ ಗತಿ ಇಲ್ಲ.

ಇನ್ನು ಬಿಸಾಡೋಕೆ ಮನಸ್ಸು ಬಾರದ್ದು, ಅಂದರೆ ಕಾಲೇಜಿನ ನೋಟ್ಸ್, ಕ್ಯಾರಂ ಬೋರ್ಡ್, ಅಜ್ಜಿಯ ಹಿತ್ತಾಳೆ ಕೊಳಗ, ಎಲ್ಲಾ ಊರಲ್ಲಿ ಅಮ್ಮನ ಮನೆ ಅಟ್ಟ ಸೇರಿದೆ. ಮೊನ್ನೆ ಅಮ್ಮ ಫೋನ್ ಮಾಡಿದ್ದಳು. "ನಿನ್ನ ಮನೆ ಚೆನ್ನಾಗಿ ಖಾಲಿ ಇದೆಯಂತಲ್ಲ, ಆ ನಾಲ್ಕು ರಟ್ಟಿನ ಡಬ್ಬ ಯಾವಾಗ ತಗೊಂಡು ಹೋಗ್ತೀಯಾ?" ಯುಗಾದಿಗೆ ಬಂದಾಗ ನೋಡೋಣ ಅಂದಿದ್ದೇನೆ. ಹೋದ ವರ್ಷವೂ ಅದನ್ನೇ ಅಂದಿದ್ದೆ.