ಬರೆದಿಟ್ಟಿದ್ದನ್ನೇ ನುಡಿಸ್ತಾರಲ್ಲ, ಅದ್ರಲ್ಲಿ ಅಂಥದ್ದೇನಿದೆ?

ಮದುವೆ ಮನೇಲಿ, ಸಂತೆ ದಿನ ಸಿದ್ದಾಪುರದಲ್ಲಿ, ಕೈಲ್ ಮುಹೂರ್ತಕ್ಕೆ ಬೆಂಗಳೂರಿಂದ ಬರೋ ನೆಂಟರ ಮಧ್ಯೆ, ಎಲ್ಲಾ ಕಡೆ ನಂಗೆ ಎದುರಾಗೋ ಪ್ರಶ್ನೆ ಒಂದೇ. "ಅಲ್ಲ ಮಾರಾಯ, ಈ ಪಿಯಾನೋದವ್ರು ಯಾರೋ ಯಾವತ್ತೋ ಬರೆದಿಟ್ಟಿದ್ದನ್ನ ಒಂದು ಸ್ವರ ಆಚೀಚೆ ಆಗ್ದಂಗೆ ನುಡಿಸ್ತಾರೆ, ಎಲ್ರೂ ಅದನ್ನೇ ನುಡಿಸ್ತಾರೆ, ನೀನು ನೋಡಿದ್ರೆ ಮಾರ್ಥಾ ಆರ್ಗೆರಿಚ್ ಅಂತ ಒಬ್ರನ್ನೇ ಹಿಡ್ಕೊಂಡು ಕೂತಿದ್ದೀಯ, ಅಂಥದ್ದೇನಿದೆ?" ಕರ್ನಾಟಕ ಸಂಗೀತ ಕಲ್ತಿರೋರು ಇದನ್ನೇ ಇನ್ನೊಂದು ಥರ ಕೇಳ್ತಾರೆ, ಅದ್ರಲ್ಲಿ ಮನೋಧರ್ಮಕ್ಕೆ ಜಾಗ ಎಲ್ಲಿದೆ ಅಂತ.

ಜಾಗ ಇದೆ, ಬೇಕಾದಷ್ಟಿದೆ. ಕಾಗದದ ಮೇಲೆ ಯಾವ ಸ್ವರ, ಸುಮಾರು ಎಷ್ಟು ಹೊತ್ತು, ಜೋರಾಗೋ ಮೆಲ್ಲಗೋ, ಇಷ್ಟು ಇರುತ್ತೆ. ಜೋರು ಅಂದ್ರೆ ಎಷ್ಟು ಜೋರು, ಐದು ಬೆರಳು ಒಟ್ಟಿಗೆ ಬಿದ್ದಾಗ ಯಾವ ಬೆರಳಿಗೆ ಭಾರ ಜಾಸ್ತಿ, ಸಾಲು ಮುಗಿಯೋ ಕಡೆ ಒಂದು ಚೂರು ತಡೀಬೇಕಾ ಅಥವಾ ಹಾಗೇ ಮುಂದಕ್ಕೆ ಬೀಳ್ಬೇಕಾ, ಇದ್ಯಾವುದನ್ನೂ ಪೂರ್ತಿ ಬರೆಯೋಕೆ ಆಗಲ್ಲ. ನಮ್ಮೂರ ಮದುವೇಲಿ ವಾಲಗ ಕೇಳಿದವ್ರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಮಟ್ಟು ಅದೇ ಹಳೇದು, ಎಲ್ರಿಗೂ ಗೊತ್ತಿರೋದೇ, ಆದ್ರೆ ಕೈ ಪಳಗಿದ ವಾಲಗದವ್ರು ಕುಣಿಯೋರ ಕಾಲು ನೋಡ್ಕೊಂಡು ಯಾವಾಗ ಬಿರುಸು ಮಾಡ್ತಾರೋ ಯಾವಾಗ ಎಳೀತಾರೋ ಅದು ಆ ಹೊತ್ತಿಗೆ ಹುಟ್ಟೋದು. ಆರ್ಗೆರಿಚ್ ಮಾಡೋದೂ ಅದನ್ನೇ. ಸ್ವರ ಬದಲಾಯಿಸಲ್ಲ, ಆದ್ರೆ ಮುಂದಿನ ಸ್ವರ ಹೇಗೆ ಬರುತ್ತೆ ಅಂತ ಅವ್ರಿಗೂ ಆ ಕ್ಷಣದಲ್ಲೇ ಗೊತ್ತಾಯ್ತೇನೋ ಅನ್ನೋ ಹಾಗಿರುತ್ತೆ.

ಅವ್ರ ಬಗ್ಗೆ ಗೊತ್ತಿಲ್ಲದವ್ರಿಗೆ ಬೇಗ ಹೇಳ್ಬಿಡ್ತೀನಿ. ಹುಟ್ಟಿದ್ದು 1941ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. 1955ರಲ್ಲಿ ವಿಯೆನ್ನಾಗೆ ಹೋಗಿ ಫ್ರೀಡ್ರಿಶ್ ಗುಲ್ಡಾ ಹತ್ರ ಕಲಿತ್ರು, ಈ ಗುಲ್ಡಾ ಒಂದು ಕಡೆ ಮೊಜಾರ್ಟ್, ಬೀಥೋವನ್ ನುಡಿಸ್ತಾ ಇನ್ನೊಂದು ಕಡೆ ಜಾಝ್ ಬಾರಿಸ್ತಿದ್ದ ಮನುಷ್ಯ, ಅಂಥವ್ರ ಕೈಕೆಳಗೆ ಬೆಳೆದಿದ್ದೂ ಇವ್ರ ನುಡಿಸೋ ರೀತಿಗೆ ಒಂದು ಕಾರಣ ಅಂತ ನಂಗೆ ಅನ್ಸುತ್ತೆ. 16ನೇ ವಯಸ್ಸಲ್ಲಿ, 1957ರಲ್ಲಿ, ಜಿನೀವಾದ ಸ್ಪರ್ಧೆ ಮತ್ತು ಇಟಲಿಯ ಬೋಲ್ಜಾನೋದ ಬುಸೋನಿ ಪಿಯಾನೋ ಸ್ಪರ್ಧೆ ಎರಡನ್ನೂ ಗೆದ್ರು. 1965ರಲ್ಲಿ ಪೋಲೆಂಡಿನ ವಾರ್ಸಾದ ಶೋಪಾನ್ ಪಿಯಾನೋ ಸ್ಪರ್ಧೇಲಿ ಮೊದಲ ಬಹುಮಾನ. ಅಲ್ಲಿಂದ ಇಡೀ ಜಗತ್ತಿಗೆ ಗೊತ್ತಾದ್ರು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಡೊಮೆನಿಕೊ ಸ್ಕಾರ್ಲಾಟಿ ಅಂತ 18ನೇ ಶತಮಾನದವ್ರು, 550ಕ್ಕೂ ಹೆಚ್ಚು ಸೊನಾಟಾ, ಅಂದ್ರೆ ಒಂದೇ ವಾದ್ಯಕ್ಕೆ ಚಿಕ್ಕ ಚಿಕ್ಕ ಪೀಸ್, ಬರೆದಿದ್ದಾರೆ, ಅದ್ರಲ್ಲಿ ಪಟ್ಟಿಯಲ್ಲಿ ಕೆ 141 ಅನ್ನೋ ನಂಬರಿನ ಡಿ ಮೈನರ್ ಸೊನಾಟಾ ಆರ್ಗೆರಿಚ್ ಕಚೇರಿ ಮುಗಿದ ಮೇಲೆ ಜನ ಬಿಡ್ದೇ ಚಪ್ಪಾಳೆ ಹೊಡೆದಾಗ ನುಡಿಸೋದು. ಯೂಟ್ಯೂಬಲ್ಲಿ ವಿಡಿಯೋ ಇದೆ, ನೋಡಿ. ಬಲಗೈ ಒಂದೇ ಕೀಯನ್ನ ಪಟಪಟ ಅಂತ ಮತ್ತೆ ಮತ್ತೆ ಹೊಡೀಬೇಕು, ಒಂದೇ ಬೆರಳಲ್ಲಿ ಹೊಡೆದ್ರೆ ಆ ಸ್ಪೀಡ್ ಬರಲ್ಲ, ಬೆರಳು ಬದಲಾಯಿಸ್ತಾ ಒಂದು ಏಳೋ ಹೊತ್ತಿಗೆ ಇನ್ನೊಂದು ಅದೇ ಜಾಗಕ್ಕೆ ಬಂದಿರ್ಬೇಕು. ಅದು ಬರೆದಿದ್ದು ಹಾರ್ಪ್ಸಿಕಾರ್ಡಿಗೆ, ಕೀ ಒತ್ತಿದ್ರೆ ತಂತಿ ಮೀಟೋ ಹಗುರವಾದ ಹಳೇ ವಾದ್ಯ, ಪಿಯಾನೋ ಕೀ ಅದಕ್ಕಿಂತ ಭಾರ, ಪ್ರತಿ ಸಲ ಒಳಗಡೆ ಒಂದು ಸುತ್ತಿಗೆ ಎದ್ದು ತಂತೀಗೆ ಹೊಡೆದು ಹಿಂದೆ ಬರ್ಬೇಕು. ಪಿಯಾನೋ ತಯಾರಿಸ್ತಿದ್ದ ಸೆಬಾಸ್ತಿಯನ್ ಎರಾರ್ ಕಂಡುಹಿಡಿದ, 1821ರಲ್ಲಿ ಪೇಟೆಂಟ್ ಆದ ಒಂದು ಮೆಕ್ಯಾನಿಸಮ್ಮಿಂದ ಕೀ ಪೂರ್ತಿ ಮೇಲೆ ಬರೋ ಮೊದಲೇ ಇನ್ನೊಂದು ಸಲ ಹೊಡೆಯೋಕೆ ಆಗುತ್ತೆ, ಇವತ್ತಿನ ಗ್ರ್ಯಾಂಡ್ ಪಿಯಾನೋಗಳಲ್ಲೆಲ್ಲ ಅದೇ ತತ್ವ. ಅದರ ಕೊನೇ ಅಂಚಿನ ತನಕ ಈಯಮ್ಮ ಹೋಗ್ತಾರೆ.

ಸ್ಪೀಡಿಗೇ ಬಾಯಿ ಬಿಟ್ಕೊಂಡು ನೋಡೋ ಜನ ಇದ್ದಾರೆ. ನಂಗೆ ಅದಕ್ಕಿಂತ ದೊಡ್ಡದು ಅಂತ ಅನ್ಸೋದು ಆ ಒಂದೇ ಸ್ವರದ ಒಳಗೆ ಅವ್ರು ಏನು ಮಾಡ್ತಾರೆ ಅನ್ನೋದು. ಮೊದಲ ಹೊಡೆತ ಗಟ್ಟಿ, ಆಮೇಲಿನವು ಕರಗ್ತಾ ಹೋಗ್ತವೆ, ಮುಂದಿನ ಸಾಲಲ್ಲಿ ಅದು ಉಲ್ಟಾ, ಮೆಲ್ಲಗೆ ಶುರುವಾಗಿ ಉಬ್ಬುತ್ತೆ, ಎಡಗೈ ಗಿಟಾರ್ ಮೀಟಿದ ಹಾಗೆ ಒರಟಾಗಿ ಬಂದು ಬೀಳುತ್ತೆ. ಇನ್ನೊಂದು ದಿನದ ವಿಡಿಯೋ ಹಾಕಿ ಕೇಳಿದ್ರೆ ಉಬ್ಬಿದ ಜಾಗ ಬೇರೆ, ಕರಗಿದ ಜಾಗ ಬೇರೆ. ಸ್ವರಗಳು ಮಾತ್ರ ಅವೇ.

ಇದು ಚಿಕ್ಕ ಸೊನಾಟಾ ಅಂತ ಅನ್ಸಿದ್ರೆ ಚೈಕಾವ್‌ಸ್ಕಿ ಒಂದನೇ ಪಿಯಾನೋ ಕಾನ್ಸರ್ಟೋ ತಗೊಳ್ಳಿ, ಪಿಯಾನೋ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸೋ ದೊಡ್ಡ ಕೃತಿ ಅದು. ಇವ್ರ ರೆಕಾರ್ಡಿಂಗ್ ಮೂರಂತೂ ಸುಲಭವಾಗಿ ಸಿಗುತ್ತೆ, 1970ರಲ್ಲಿ ಷಾರ್ಲ್ ದ್ಯುತ್ವಾ ಜೊತೆ, 1980ರಲ್ಲಿ ಕಿರಿಲ್ ಕೊಂದ್ರಾಶಿನ್ ಜೊತೆ ಮ್ಯೂನಿಕ್‌ನಲ್ಲಿ ಜನರ ಮುಂದೆ, 1994ರಲ್ಲಿ ಕ್ಲಾಡಿಯೋ ಅಬ್ಬಾಡೋ ಜೊತೆ ಬರ್ಲಿನ್‌ನಲ್ಲಿ, ಈ ಮೂವರೂ ಆರ್ಕೆಸ್ಟ್ರಾ ನಡೆಸೋ ಕಂಡಕ್ಟರ್‌ಗಳು. ನಾನು ಮಳೆಗಾಲದಲ್ಲಿ ಈ ಮೂರನ್ನೂ ಮೊದಲೇ ಡೌನ್‌ಲೋಡ್ ಮಾಡಿ ಇಟ್ಕೊಂಡಿರ್ತೀನಿ, ಯಾಕಂದ್ರೆ ಜುಲೈಲಿ ಕರೆಂಟು ನೆಟ್ವರ್ಕು ಎರಡೂ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ, ಹೋದ್ರೆ ವಾಪಸ್ ಯಾವಾಗ ಅಂತ ಅದೂ ಗೊತ್ತಿಲ್ಲ. ದ್ಯುತ್ವಾ ಜೊತೆ ಇರೋದ್ರಲ್ಲಿ ಒಂಥರಾ ಅಗಲ ಇದೆ, ಉಸಿರಾಡೋಕೆ ಜಾಗ ಇದೆ. ಕೊಂದ್ರಾಶಿನ್ ಜೊತೆ ಇರೋದು ಬೆಂಕಿ, ಕೊನೇ ಭಾಗದಲ್ಲಿ ಎರಡೂ ಕೈ ಆಕ್ಟೇವ್‌ಗಳಲ್ಲಿ, ಅಂದ್ರೆ ಒಂದೇ ಸ್ವರವನ್ನ ಎರಡು ಸ್ಥಾಯೀಲಿ ಒಟ್ಟಿಗೆ ಒತ್ತುತ್ತಾ, ಧಡಧಡ ಅಂತ ಇಳಿದು ಹತ್ತಿ ಆರ್ಕೆಸ್ಟ್ರಾಗೆ ದೊಡ್ಡ ರಾಗ ಒಪ್ಪಿಸೋ ಜಾಗ ಇದ್ಯಲ್ಲ, ಅಲ್ಲಿ ಪಿಯಾನೋ ಮುರಿದು ಹೋಗುತ್ತೇನೋ ಅನ್ಸುತ್ತೆ, ಆದ್ರೂ ಪ್ರತಿ ಸ್ವರ ಬಿಡಿ ಬಿಡಿಯಾಗಿ ಕೇಳುತ್ತೆ. 1994ರದ್ದು ಅಷ್ಟೇ ಚುರುಕು, ಆದ್ರೆ ನಡುವಿನ ಮೆಲ್ಲಗಿನ ಭಾಗದಲ್ಲಿ ಅವ್ರು ಕೊಳಲಿಗೆ, ಚೆಲೋಗೆ ಕಿವಿ ಕೊಡೋ ರೀತಿ ಇದ್ಯಲ್ಲ, ನಂಗೆ ಹೆಚ್ಚು ಇಷ್ಟ ಅದು.

ತುಂಬಾ ಫಾಸ್ಟ್, ತಾಳ್ಮೆ ಇಲ್ಲ ಅಂತ ದೂರೋರು ಇದ್ದಾರೆ. ಕೆಲವು ಕಡೆ ಆ ಮಾತು ಸರಿ, ಶೋಪಾನ್ ಬರೆದ ಪ್ರಿಲ್ಯೂಡ್ ಅನ್ನೋ ಚಿಕ್ಕ ಪೀಸ್‌ಗಳಲ್ಲಿ ಕೆಲವು ಇನ್ನೂ ಸ್ವಲ್ಪ ನಿಂತು ಹೋಗ್ಬಹುದಿತ್ತು ಅಂತ ನಂಗೂ ಅನ್ಸಿದೆ. ಕಚೇರಿ ಕ್ಯಾನ್ಸಲ್ ಮಾಡೋ ಅಭ್ಯಾಸ ಅವ್ರಿಗೆ ಮೊದಲಿಂದಲೂ ಇದೆ, ಟಿಕೆಟ್ ತಗೊಂಡು ದೂರದಿಂದ ಬಂದವ್ರ ಬೇಜಾರು ನ್ಯಾಯವಾದದ್ದೇ. ಆದ್ರೆ ಮನಸ್ಸಿಲ್ಲದಾಗ ಕಲಿತ ಪಾಠ ಒಪ್ಪಿಸಿ ಎದ್ದು ಹೋಗೋದು ಇವ್ರಿಗೆ ಬರಲ್ಲ, ಅದು ಇವ್ರ ಸಂಗೀತದಲ್ಲೇ ಕೇಳ್ಸುತ್ತೆ.

1980ರ ದಶಕದಿಂದ ಇವ್ರು ಸ್ಟೇಜ್ ಮೇಲೆ ಒಬ್ರೇ ಕೂತು ಪೂರ್ತಿ ಕಚೇರಿ ಕೊಡೋದನ್ನ ಹೆಚ್ಚುಕಮ್ಮಿ ಬಿಟ್ಟೇಬಿಟ್ರು, ಒಂಟಿ ಅನ್ಸುತ್ತೆ ಅಂತ ಅವ್ರೇ ಹೇಳಿದ್ದಾರೆ. ಆಮೇಲೆ ಪಿಟೀಲಿನ ಗಿಡೋನ್ ಕ್ರೇಮರ್, ಚೆಲೋದ ಮಿಶಾ ಮೈಸ್ಕಿ, ಬ್ರೆಜಿಲ್‌ನ ಪಿಯಾನೋ ವಾದಕ ನೆಲ್ಸನ್ ಫ್ರೇರಿ, ಹೀಗೆ ಗೆಳೆಯರ ಜೊತೇಲೇ ಜಾಸ್ತಿ ನುಡಿಸಿದ್ದು. ನಂಗೆ ಇದ್ರಲ್ಲಿ ಆಶ್ಚರ್ಯ ಏನಿಲ್ಲ, ಆ ಕ್ಷಣಕ್ಕೆ ಹುಟ್ಟಿಸೋರಿಗೆ ಎದುರಿಂದ ಯಾರಾದ್ರೂ ಏನಾದ್ರೂ ಎಸೀತಿರ್ಬೇಕು, ಇವ್ರು ಹಿಡಿದು ವಾಪಸ್ ಎಸೀತಿರ್ಬೇಕು. ಕ್ರೇಮರ್ ಜೊತೆಗಿನ ಬೀಥೋವನ್ ಸೊನಾಟಾಗಳಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತೆ.

ಬೇರೆಯವ್ರಲ್ಲೂ ಈ ಗುಣ ಕಂಡ್ರೆ ಇವ್ರು ಬಿಟ್ಟುಕೊಡಲ್ಲ. 1980ರಲ್ಲಿ ಅದೇ ಶೋಪಾನ್ ಸ್ಪರ್ಧೆಗೆ ಜಡ್ಜ್ ಆಗಿ ಹೋಗಿದ್ದಾಗ ಇವೋ ಪೊಗೊರೆಲಿಚ್ ಅನ್ನೋ ಹುಡುಗನ್ನ ಜಡ್ಜ್‌ಗಳ ತಂಡ ಕೊನೇ ಸುತ್ತಿಗೆ ಬಿಡ್ಲಿಲ್ಲ, ಅವ್ನು ಬೇರೆಯವ್ರ ಥರ ನುಡಿಸ್ತಿರ್ಲಿಲ್ಲ. ಆರ್ಗೆರಿಚ್ ಆ ಹುಡುಗ ಜೀನಿಯಸ್ ಅಂತ ಹೇಳಿ ಜಡ್ಜ್ ಸೀಟು ಬಿಟ್ಟು ಎದ್ದು ಬಂದ್ರು.

ಎಲ್ಲಿಂದ ಶುರು ಮಾಡ್ಲಿ ಅಂತ ಕೇಳೋರಿಗೆ, ಮೊದಲು ಸ್ಕಾರ್ಲಾಟಿ, ಆಮೇಲೆ 1960ರಲ್ಲಿ ಮಾಡಿದ ಮೊದಲ ಆಲ್ಬಮ್‌ನಲ್ಲಿರೋ ರವೆಲ್‌ದು "ಜ್ಯೂ ದೋ", ನೀರಾಟದ ಮೇಲೆ ಬರೆದಿದ್ದು, ಆಗ ಇವ್ರಿಗಿನ್ನೂ 20 ತುಂಬಿರ್ಲಿಲ್ಲ. ಆಮೇಲೆ ಚೈಕಾವ್‌ಸ್ಕಿ, 1980ರದ್ದು. ಫೋನ್ ಸ್ಪೀಕರಲ್ಲಿ ಮಾತ್ರ ಕೇಳ್ಬೇಡಿ, ಎಡಗೈ ಏನು ಮಾಡ್ತಿದೆ ಅನ್ನೋದೇ ಕೇಳ್ಸಲ್ಲ. ಇಯರ್‌ಫೋನ್ ಹಾಕ್ಕೊಳ್ಳಿ, ಬೇರೆ ಯಾರಾದ್ರೂ ನುಡಿಸಿದ ಅದೇ ಪೀಸನ್ನ ಪಕ್ಕದಲ್ಲಿ ಇಟ್ಕೊಂಡು ಒಂದಾದ್ಮೇಲೆ ಒಂದು ಕೇಳಿ.