ಪೈಪಿನ ರಕ್ತನಾಳ, ಮೂರನೇ ವಾರ: ಕಾಳುಮೆಣಸು ನಿಲ್ತಾ ಇಲ್ಲ

ಭಾನುವಾರ ಪೂರ್ತಿ ಕಾಳುಮೆಣಸು ಅಂಟಿಸೋದ್ರಲ್ಲೇ ಹೋಯ್ತು. ಅತ್ತಿಗೆಗೆ ಬಸುರಲ್ಲಿ ಬಿಪಿ ಏರಿ ರಾತ್ರೋರಾತ್ರಿ ಸಿರ್ಸಿಗೆ ಓಡಿದ್ವಲ್ಲ, ಆವಾಗಿಂದ ಹತ್ತಿದ ಹುಚ್ಚು ಇದು, ರಕ್ತದಲ್ಲಿ ತೇಲೋ ಜೀವಕೋಶದ ಚೂರುಗಳ್ನ ಹತ್ತು ಸಾವಿರ ಪಟ್ಟು ದೊಡ್ಡದು ಮಾಡಿ ತೋರ್ಸೋ ಮಾಡೆಲ್. ಒಂದು ಮೈಕ್ರಾನ್‌ಗೆ ಒಂದು ಸೆಂಟಿಮೀಟರ್ ಲೆಕ್ಕ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ).

ತೋಟದ ಮೂರಿಂಚಿನ ಪೈಪ್ ಸೀಳಿ ಕ್ಯಾಪಿಲರಿ, ಅಂದ್ರೆ ಅತಿ ಸಣ್ಣ ರಕ್ತನಾಳ, ಮಾಡ್ದೆ. ಕೆಂಪುರಕ್ತಕಣಕ್ಕೆ 8 ಸೆಂ.ಮೀ. ಮಣ್ಣಿನ ಬಿಲ್ಲೆ, ಅದು ಪೈಪಲ್ಲಿ ಹಿಡೀಲಿಲ್ಲ. ಅಸಲಿ ಕಣ ಮಡಚ್ಕೊಂಡು ನುಸುಳತ್ತೆ, ನಂದು ಒಡೀತು. ಈಗ ಹಳೇ ಹವಾಯಿ ಚಪ್ಪಲಿ ಕೊಯ್ದಿದೀನಿ. ಪ್ಲೇಟ್ಲೆಟ್‌ಗೆ ಚಾಲಿ ಅಡಿಕೆ ಅಳತೆಗೆ ಸರಿಯಾಗಿ ಕೂತಿದ್ದು ನೋಡಿ ನಂಗೇ ಖುಷಿ. ಆ ಚೂರುಗಳು (ಮೈಕ್ರೋಪಾರ್ಟಿಕಲ್) 0.1ರಿಂದ 1 ಮೈಕ್ರಾನ್, ಅಂದ್ರೆ ಸಾಸಿವೆ, ಕಾಳುಮೆಣಸು. ಜೀವಕೋಶ ಹೊರಗೆ ಬಿಡೋ ಇನ್ನೂ ಸಣ್ಣ ಚೀಲ, ಎಕ್ಸೋಸೋಮ್‌ಗೆ ರವೆ ಹಾಕಿದ್ದೆ, ಇರುವೆ ಹೊತ್ಕೊಂಡು ಹೋದ್ವು.

ಈ ಚೂರುಗಳು ಎಲ್ಲರ ರಕ್ತದಲ್ಲೂ ಇರ್ತಾವೆ, 1967ರಲ್ಲಿ ಪೀಟರ್ ವುಲ್ಫ್ ಅನ್ನೋರು ಪ್ಲೇಟ್ಲೆಟ್ ಧೂಳು ಅಂತಾನೇ ಕರೆದಿದ್ರು. ಬಸುರಲ್ಲಿ ಮಾಸಿಂದಾನೂ ಉದುರ್ತಾವೆ, ಅವಕ್ಕೆ ಕೆಂಪು ಬಣ್ಣ ಹಚ್ಚಿದೀನಿ. ಬಸುರಲ್ಲಿ ಬಿಪಿ ಏರೋ ಪ್ರಿಎಕ್ಲಾಂಪ್ಸಿಯಾ ಕಾಯಿಲೆ, ಅದ್ರಲ್ಲೂ ಬೇಗ ಶುರುವಾಗೋ ಥರದ್ದಾದ್ರೆ ಈ ಕೆಂಪುಕಾಳು ಜಾಸ್ತಿ, ಅವು ರಕ್ತನಾಳದ ಒಳಪದರಕ್ಕೆ ಕಿರಿಕಿರಿ ಕೊಡ್ತಾವೆ ಅಂತಾರೆ, ಆದ್ರೆ ಕಾಯಿಲೆಗೆ ಇವೇ ಕಾರಣಾನಾ ಇಲ್ಲಾ ಕಾಯಿಲೆಯಿಂದ ಇವು ಹುಟ್ತಾವಾ ಅನ್ನೋ ಜಗಳ ಇನ್ನೂ ಮುಗ್ದಿಲ್ಲ.

ತಲೆ ತಿಂದಿದ್ದು ಜೀವಕೋಶದ ಪೊರೆ. ಪೊರೆಯ ಒಳಮೈಲಿ ಇರ್ಬೇಕಾದ ಫಾಸ್ಫಟೈಡಿಲ್‌ಸೆರಿನ್ ಅನ್ನೋ ಕೊಬ್ಬು, ಚೂರು ಕಿತ್ಕೊಳ್ಳುವಾಗ ಹೊರಗೆ ಬರತ್ತೆ, ಅದ್ರ ಮೇಲೆ ರಕ್ತ ಹೆಪ್ಪುಗಟ್ಸೋ ಪ್ರೋಟೀನ್‌ಗಳು ಬಂದು ಕೂರ್ತಾವೆ. ಇದನ್ನ ಮೆಣಸಲ್ಲಿ ಹೆಂಗ್ ತೋರ್ಸೋದು? ಕೊನೆಗೆ ಅಡಿಕೆ ಹಾಳೆ ನೆನಪಾಯ್ತು. ಬಿಳಿ ನುಣುಪು ಒಳಮೈಗೆ ವೆಲ್ಕ್ರೋ ಹಚ್ಚಿ, ಒಂದು ತುಂಡು ಹರಿದು ಒಳಗ್ಹೊರಗು ಮಾಡಿ ಸುತ್ತಿದೆ, ಪ್ರೋಟೀನ್ ಅಂತ ಉಣ್ಣೆ ಉಂಡೆ ಎಸೆದ್ರೆ ಗಪ್ಪಂತ ಹಿಡ್ಕೊಳ್ಳತ್ತೆ. ಆಯಿ "ಎಂತದೋ ಇದು, ಆಟದ ಸಾಮಾನಾ" ಅಂದ್ರು, ಮಗು ಆಗ್ಲೇ ಎರಡು ಉಂಡೆ ಕದ್ದಿದಾನೆ.

ಆಶಾ ಅಕ್ಕ ಬಂದು ಎಲ್ಲ ನೋಡಿ, "ಇಷ್ಟು ಕಾಳು ಎಣ್ಸಿದ್ದೀಯ, ಯಾವಾಗ ಆಸ್ಪತ್ರೆಗೆ ಬರ್ಬೇಕು ಅಂತ ಎಲ್ಲಿ ಬರ್ದಿದ್ದೀಯ?" ಅಂದ್ರು. ಉತ್ತರ ಇರ್ಲಿಲ್ಲ. ಆಸ್ಪತ್ರೇಲಿ ನೋಡೋದು ಈ ಚೂರುಗಳ್ನಲ್ಲ, ಬಿಪಿ ಮತ್ತೆ ಮೂತ್ರದ ಪ್ರೋಟೀನ್. ಪೈಪಿನ ಮುಂದೆ ದಪ್ಪಕ್ಷರದ ರಟ್ಟು ಇಟ್ಟೆ: 20 ವಾರ ಆದ್ಮೇಲೆ ಬಿಪಿ 140/90 ಮುಟ್ಟಿದ್ರೆ, ತಲೆನೋವು ಬಿಡ್ದಿದ್ರೆ, ಕಣ್ಣು ಮಂಜಾದ್ರೆ, ಎದೆಗುಂಡಿ ಕೆಳಗೆ ನೋವಾದ್ರೆ ತಡ ಮಾಡ್ಬೇಡಿ.

ಮಳೆ ತಂಡಿಗೆ ಫೆವಿಕಾಲ್ ಒಣಗ್ತಾ ಇಲ್ಲ. ನಾಳೆ ಹಲಸಿನ ಮೇಣ ಟ್ರೈ ಮಾಡ್ತೀನಿ.